ಎಷ್ಟು ಎಲೆ? ನಮ್ಮ ಮದುವೆಗೆ ನಾವಿಬ್ಬರೇ ಕೂಡಿಟ್ಟ ಹಣದ ಲೆಕ್ಕ

2024ರ ಫೆಬ್ರವರಿಯ ಕೊನೆಯ ವಾರದಲ್ಲಿ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಊರಿನ ದೇವಸ್ಥಾನದಲ್ಲಿ ನಮ್ಮ ಮದುವೆ ನಡೆಯಿತು. ಚಿನ್ನವನ್ನು ಬಿಟ್ಟು ಒಟ್ಟು 2,75,000 ರೂಪಾಯಿ ಖರ್ಚಾಯಿತು. ಆ ಹಣವನ್ನು ನಾನೂ ನನ್ನ ಪತಿಯೂ ಮದುವೆಗೆ ಮೊದಲಿನ ಎರಡು ವರ್ಷಗಳಲ್ಲಿ ತಿಂಗಳು ತಿಂಗಳು ಕೂಡಿಟ್ಟೆವು. ನಾನು ಸರಕಾರಿ ಕನ್ನಡ ಶಾಲೆಯೊಂದರಲ್ಲಿ ದಿನವೇತನದ ಅಧ್ಯಾಪಿಕೆ. ಅವರು ಕುಂಬಳೆಯಿಂದ ದಿನವೂ ರೈಲಿನಲ್ಲಿ ಮಂಗಳೂರಿಗೆ ಹೋಗಿ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ನಮ್ಮಂಥ ಸಂಪಾದನೆಯವರಿಗೆ ಇದು ಸಾಧ್ಯವಾದ ಬಗೆಯನ್ನು, ತಪ್ಪಿದ ಕಡೆಗಳನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ನಿಶ್ಚಯವಾದ ಮೇಲೆ ಎರಡು ವರ್ಷ ಕಾಯುವ ನಿರ್ಧಾರಕ್ಕೆ ಕಾರಣ ನನ್ನ ನಾದಿನಿಯ ಮದುವೆ. ಆ ಮದುವೆಗೆಂದು ಮಾಡಿದ್ದ ಸಾಲದ ಕಂತನ್ನು ನನ್ನ ಪತಿ ಐದು ವರ್ಷ ಕಟ್ಟಿದ್ದರು. ನಾದಿನಿಗೆ ಮಗುವಾಗಿ, ಆ ಮಗು ಅಂಗನವಾಡಿಗೆ ಹೋಗತೊಡಗಿದ ಮೇಲೂ ಮದುವೆಯ ಊಟದ ಬಡ್ಡಿ ಮುಗಿದಿರಲಿಲ್ಲ. ನಮ್ಮ ಮನೆಯಲ್ಲಿಯೂ ಅಡಿಕೆಯ ಫಸಲನ್ನು ನಂಬಿ ಸಾಲ ಮಾಡುವ ಧೈರ್ಯ ಅಪ್ಪನಿಗೆ ಇರಲಿಲ್ಲ, ಏಕೆಂದರೆ ಮಳೆಗಾಲದಲ್ಲಿ ಒಮ್ಮೆ ಕೊಳೆರೋಗ ಹಿಡಿದರೆ ಆ ವರ್ಷದ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಆದ್ದರಿಂದ ಹೆಣ್ಣಿನ ಕಡೆಯ ಖರ್ಚು, ಗಂಡಿನ ಕಡೆಯ ಖರ್ಚು ಎಂಬ ಭೇದವನ್ನೇ ಬಿಟ್ಟು, ಎಲ್ಲವನ್ನೂ ನಾವಿಬ್ಬರೂ ಒಂದೇ ಪುಸ್ತಕದಿಂದ ಭರಿಸುವುದೆಂದು ಒಪ್ಪಿಕೊಂಡೆವು.

ಹಣ ಕೂಡಿಡುವುದಕ್ಕೂ ಮೊದಲು ಎಷ್ಟು ಬೇಕೆಂಬುದು ತಿಳಿಯಬೇಕಿತ್ತು. ಇದಕ್ಕಾಗಿ ಅಪ್ಪನಿಗೆ ಪರಿಚಯದ ಅಡಿಗೆ ಭಟ್ಟರೊಬ್ಬರ ಮನೆಗೆ ಹೋದೆವು. ನಾವು ಸಭಾಭವನ, ಬಟ್ಟೆ, ಫೋಟೋ ಎಂದು ಏನೇನೋ ಹೇಳುತ್ತಿದ್ದಾಗ ಅವರು ಎಲ್ಲವನ್ನೂ ಕೇಳಿಸಿಕೊಂಡು, "ಅದೆಲ್ಲ ಆಮೇಲೆ, ಮೊದಲು ಎಷ್ಟು ಎಲೆ ಹೇಳಿ" ಎಂದರು. ಎಲೆ ಎಂದರೆ ಊಟಕ್ಕೆ ಕೂರುವವರ ಲೆಕ್ಕ. ಅವರ ಮಾತು ನೂರಕ್ಕೆ ನೂರು ಸರಿಯಾಗಿತ್ತು. ಊಟದ ಸಾಮಾನು, ಪಾತ್ರೆಯ ಬಾಡಿಗೆ, ಬಡಿಸುವವರ ಸಂಖ್ಯೆ, ಸಭಾಭವನದ ಗಾತ್ರ, ಹೇಳಿಕೆ ಕಾಗದ (ಆಮಂತ್ರಣ ಪತ್ರ), ವಾಹನ ಎಲ್ಲವೂ ಎಲೆಯ ಲೆಕ್ಕವನ್ನೇ ಹಿಂಬಾಲಿಸುತ್ತವೆ. ಮದುವೆಯ ಖರ್ಚನ್ನು ತಗ್ಗಿಸಲು ಹೊರಟವರು ಸಾಮಾನ್ಯವಾಗಿ ಹೂವಿನ ಅಲಂಕಾರದಲ್ಲಿ, ಕಾಗದದಲ್ಲಿ ಉಳಿಸಲು ನೋಡುತ್ತಾರೆ. ನನ್ನ ಅನುಭವದಲ್ಲಿ ನೂರು ಎಲೆ ಕಡಿಮೆಯಾದಾಗ ಉಳಿಯುವಷ್ಟು ಹಣ ಬೇರೆ ಯಾವುದರಲ್ಲಿಯೂ ಉಳಿಯುವುದಿಲ್ಲ.

ಎರಡೂ ಮನೆಯವರು ಬರೆದ ಮೊದಲ ಪಟ್ಟಿಯಲ್ಲಿ 920 ಜನರಿದ್ದರು. ಅದನ್ನು 450ಕ್ಕೆ ಇಳಿಸಲು ಮೂರು ಭಾನುವಾರ ಬೇಕಾದವು, ಮತ್ತು ಇಡೀ ಎರಡು ವರ್ಷಗಳಲ್ಲಿ ಅತ್ಯಂತ ಕಷ್ಟವಾದ ಕೆಲಸ ಅದೇ. ನಮ್ಮ ಮನೆಯ ಜಗಲಿಯಲ್ಲಿ ಅಪ್ಪ, ಸೋದರಮಾವ ಮತ್ತು ನಾನು ಇನ್ನೂರು ಪುಟದ ನೋಟ್‌ಬುಕ್ಕನ್ನು ನಡುವೆ ಇಟ್ಟುಕೊಂಡು ಕುಳಿತಿದ್ದೆವು. ಪ್ರತಿಯೊಂದು ಹೆಸರು ಬಂದಾಗಲೂ ಅಪ್ಪನ ಪೆನ್ಸಿಲು ಅದರ ಮೇಲೆ ನಿಲ್ಲುತ್ತಿತ್ತು, ಗೆರೆ ಮಾತ್ರ ಎಳೆಯುತ್ತಿರಲಿಲ್ಲ. "ಇವರ ಮನೆಯಲ್ಲಿ ನಾನು ಎರಡು ಮದುವೆಯ ಊಟ ಮಾಡಿದ್ದೇನೆ ಮಗಳೇ, ನಾಳೆ ದಾರಿಯಲ್ಲಿ ಸಿಕ್ಕಿದರೆ ಮುಖ ತೋರಿಸುವುದು ಹೇಗೆ?" ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಸೋದರಮಾವನೇ ದಾರಿ ತೋರಿಸಿದರು. ಹೆಸರನ್ನು ಹೊಡೆದುಹಾಕುವುದು ಬೇಡ, ಮನೆಯನ್ನು ಬಿಡುವುದು ಬೇಡ, ನೆರೆಕರೆಯ ಪ್ರತಿ ಮನೆಯಿಂದ ಇಬ್ಬರು ಎಂದು ಅಪ್ಪನೇ ಖುದ್ದಾಗಿ ಹೋಗಿ ಹೇಳಲಿ ಎಂದರು. ಅಪ್ಪ ಹಾಗೆಯೇ ಮಾಡಿದರು. ಮನೆಮನೆಗೆ ಹೋಗಿ, ಮಕ್ಕಳೇ ದುಡಿದು ಮಾಡುವ ಮದುವೆ ಎಂದು ಕಾರಣವನ್ನೂ ಹೇಳಿದರು. ಬೇಸರಪಟ್ಟವರು ಇರಬಹುದು, ಆದರೆ ನಮ್ಮ ಜಗಲಿಗೆ ಬಂದು ಯಾರೂ ಆಕ್ಷೇಪ ಎತ್ತಲಿಲ್ಲ.

ಗಂಡಿನ ಮನೆಯಲ್ಲಿ ಬೇರೆಯೇ ಒಂದು ಔತಣ ಆಗಬೇಕೆಂಬ ಆಸೆ ಅತ್ತೆಗೆ ಇತ್ತು. ಎರಡು ಊಟವೆಂದರೆ ಎಲೆಯ ಲೆಕ್ಕ ಎರಡರಷ್ಟು ಎಂದು ಅವರ ಮಗ ಕಾಗದದಲ್ಲಿ ಬರೆದು ತೋರಿಸಿದ ಮೇಲೆ, ಮನೆ ತುಂಬಿಸುವ ಸಂಜೆ ಹತ್ತಿರದ ನಲವತ್ತು ಜನರಿಗೆ ಮನೆಯಲ್ಲಿಯೇ ಅಡಿಗೆ ಎಂಬ ಏರ್ಪಾಡಿಗೆ ಅವರು ಒಪ್ಪಿದರು. ಅವರು ಮನಸಾರೆ ಒಪ್ಪಿದ್ದಕ್ಕೆ ನಾನು ಇಂದಿಗೂ ಋಣಿ.

2022ರ ಫೆಬ್ರವರಿಯಿಂದ ತಿಂಗಳಿಗೆ 13,000 ರೂಪಾಯಿ ಕೂಡಿಡುವುದೆಂದು ನಿರ್ಧರಿಸಿದೆವು: ಅವರದು 8,000, ನನ್ನದು 5,000. ಸಂಬಳ ಬಂದ ದಿನವೇ ಹಣ ಹೋಗಬೇಕು, ಉಳಿದುದರಲ್ಲಿ ಬದುಕಬೇಕು ಎಂಬುದು ನಿಯಮ. ಮೊದಲ ಬೇಸಗೆಯಲ್ಲಿಯೇ ಎಡವಿದೆವು. ದಿನವೇತನದ ಅಧ್ಯಾಪಕರಿಗೆ ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ಸಂಬಳವಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿದ್ದರೂ ಲೆಕ್ಕ ಹಾಕುವಾಗ ವರ್ಷಕ್ಕೆ ಹನ್ನೆರಡು ಸಂಬಳವೆಂದೇ ಬರೆದಿದ್ದೆ. ಆ ಎರಡು ತಿಂಗಳ ನನ್ನ ಪಾಲನ್ನು ಅವರೇ ತುಂಬಿದರು. ಅದನ್ನು ನನ್ನ ಹೆಸರಿನಲ್ಲಿ ಸಾಲವೆಂದು ಬರೆಯಲು ಹೋದಾಗ, "ಇದು ಇಬ್ಬರ ಪುಸ್ತಕ, ಇದರಲ್ಲಿ ಸಾಲದ ಕಾಲಂ ಬೇಡ" ಎಂದು ತಡೆದರು. ಜೂನ್‌ನಿಂದ ನಾನು 5,000ದ ಬದಲು 6,000 ಕಟ್ಟತೊಡಗಿದೆ. ಹತ್ತು ತಿಂಗಳಲ್ಲಿ ಹೆಚ್ಚುವರಿಯಾಗಿ ಸೇರಿದ 10,000 ರೂಪಾಯಿ ಮುಂದಿನ ಬೇಸಗೆಯ ಎರಡು ತಿಂಗಳಿಗೆ ಸರಿಹೋಯಿತು. ತಿಂಗಳು ತಪ್ಪದೆ ಸಂಬಳ ಬಾರದ ಕೆಲಸದಲ್ಲಿರುವವರು ತಿಂಗಳ ಲೆಕ್ಕಕ್ಕಿಂತ ಮೊದಲು ವರ್ಷದ ಲೆಕ್ಕವನ್ನು ಹಾಕಬೇಕು.

13,000ದಲ್ಲಿ 8,000 ರೂಪಾಯಿ ಬ್ಯಾಂಕಿನ ಎರಡು ವರ್ಷದ ಆರ್‌ಡಿಗೆ (ತಿಂಗಳು ತಿಂಗಳು ಕಟ್ಟುವ ಠೇವಣಿಗೆ) ಹೋಗುತ್ತಿತ್ತು. ಖಾತೆ ಇಬ್ಬರ ಹೆಸರಿನಲ್ಲಿದ್ದು, ಇಬ್ಬರೂ ಸಹಿ ಹಾಕಿದರೆ ಮಾತ್ರ ಹಣ ತೆಗೆಯಬಹುದಾದ ರೀತಿಯಲ್ಲಿ ಅದನ್ನು ತೆರೆದಿದ್ದೆವು. ಯಾರಾದರೊಬ್ಬರು ಸಹಿ ಹಾಕಿದರೆ ಸಾಕೆಂಬ ಅನುಕೂಲ ಇದ್ದಿದ್ದರೆ, ಅವರ ಬೈಕು ಕೆಟ್ಟ ತಿಂಗಳಿನಲ್ಲಿ ಆ ಖಾತೆ ಮುರಿಯುತ್ತಿತ್ತೆಂಬುದು ನನಗೆ ಖಚಿತ. ಮೊದಲ ಹನ್ನೊಂದು ತಿಂಗಳು 3,000 ರೂಪಾಯಿ ಚಿನ್ನದಂಗಡಿಯ ಯೋಜನೆಗೆ ಕಟ್ಟಿದೆವು. ಇಂಥ ಯೋಜನೆಗಳು ಹನ್ನೊಂದು ತಿಂಗಳಿಗೆ ನಿಲ್ಲುವುದಕ್ಕೆ ಕಾರಣವಿದೆ: ಗ್ರಾಹಕರಿಂದ ಮುಂಗಡ ಪಡೆದ ಕಂಪೆನಿ 365 ದಿನಗಳೊಳಗೆ ಸರಕು ಕೊಡದಿದ್ದರೆ 2014ರ ನಿಯಮದಂತೆ ಆ ಹಣ ಠೇವಣಿ ಎನಿಸಿಕೊಂಡು ಠೇವಣಿಯ ಕಟ್ಟುಪಾಡುಗಳಿಗೆ ಒಳಪಡುತ್ತದೆ. ಆ 33,000 ರೂಪಾಯಿಯಲ್ಲಿ ತಾಳಿಯೂ ಎರಡು ಸಣ್ಣ ಉಂಗುರಗಳೂ ಬಂದವು. ಉಳಿದಂತೆ ಅಮ್ಮನ ಮೂರು ಪವನಿನ (ಒಂದು ಪವನು ಎಂದರೆ ಎಂಟು ಗ್ರಾಂ) ಸರವನ್ನೇ ನಾನು ಹಾಕಿಕೊಂಡೆ. ಎಷ್ಟು ಪವನು ಎಂದು ಕೇಳುವ ಮಾತು ನಮ್ಮ ಕಡೆ ಇನ್ನೂ ನಿಂತಿಲ್ಲ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಅವರ ಮನೆಯವರು ಆ ಪ್ರಶ್ನೆಯನ್ನು ಒಮ್ಮೆಯೂ ಕೇಳಲಿಲ್ಲ ಎಂಬುದನ್ನು ಹೆಮ್ಮೆಯಿಂದ ಹೇಳುತ್ತೇನೆ. ಚಿನ್ನದ ಕಂತು ಮುಗಿದ ಮೇಲಿನ ಹದಿಮೂರು ತಿಂಗಳು ಅದೇ 3,000 ಉಳಿತಾಯ ಖಾತೆಗೆ ಹೋಗಿ 39,000 ಆಯಿತು. ಸಭಾಭವನ, ವಾದ್ಯ, ಫೋಟೋಗಳ ಮುಂಗಡಕ್ಕೆ ಒದಗಿದ್ದು ಈ ಹಣ.

ಇನ್ನುಳಿದುದು ಚಿಟ್ಟಿ, ಅಂದರೆ ಹಲವರು ಸೇರಿ ತಿಂಗಳು ತಿಂಗಳು ಹಣ ಹಾಕಿ, ಪ್ರತಿ ತಿಂಗಳೂ ಒಬ್ಬರು ಆ ಹಣವನ್ನು ಪಡೆಯುವ ಚೀಟಿ ವ್ಯವಹಾರ. ಕೇರಳದಲ್ಲಿ 1969ರಿಂದಲೇ ಸರಕಾರದ ಹಣಕಾಸು ಸಂಸ್ಥೆಯಾದ ಕೆಎಸ್‌ಎಫ್‌ಇ ಚಿಟ್ಟಿಗಳನ್ನು ನಡೆಸುತ್ತಿರುವುದರಿಂದ ನಮ್ಮ ಕಡೆಯ ಮನೆಗಳಲ್ಲಿ ಚಿಟ್ಟಿ ಎಂಬುದು ದಿನಬಳಕೆಯ ಮಾತು. ನಾವು ಸೇರಿದ್ದು 40 ತಿಂಗಳು, ತಿಂಗಳಿಗೆ 2,500 ರೂಪಾಯಿಯ, ಒಂದು ಲಕ್ಷದ ಚಿಟ್ಟಿಗೆ. ತಿಂಗಳ ಹರಾಜಿನಲ್ಲಿ ಹೆಚ್ಚು ಕಡಿತಕ್ಕೆ ಒಪ್ಪಿದವರಿಗೆ ಹಣ ಸಿಗುತ್ತದೆ, ಆ ಕಡಿತದಲ್ಲಿ ನಡೆಸುವವರ ಶೇಕಡ 5ರ ಕಮಿಷನ್ ಹೋಗಿ ಉಳಿದದ್ದನ್ನು ಎಲ್ಲ ಸದಸ್ಯರಿಗೆ ಹಂಚುತ್ತಾರೆ. ಒಬ್ಬರು 30,000 ಬಿಟ್ಟು 70,000ಕ್ಕೆ ತೆಗೆದುಕೊಂಡರೆ, 5,000 ಕಮಿಷನ್ ಕಳೆದು 25,000ವನ್ನು ನಲವತ್ತು ಪಾಲು ಮಾಡಿದಾಗ ತಲಾ 625 ರೂಪಾಯಿ ಬರುತ್ತದೆ. ಆಗ ಆ ತಿಂಗಳು ಕಟ್ಟಬೇಕಾದದ್ದು 1,875 ಮಾತ್ರ. ಒಟ್ಟಿನಲ್ಲಿ ನಮಗೆ ತಿಂಗಳಿಗೆ ಸರಾಸರಿ 2,000ದಷ್ಟು ಬಿತ್ತು. 22ನೆಯ ತಿಂಗಳಿನಲ್ಲಿ, ಅಂದರೆ 2023ರ ನವೆಂಬರಿನಲ್ಲಿ, 14,000 ಬಿಟ್ಟು ಚಿಟ್ಟಿ ನಮ್ಮದಾಯಿತು. ಕಮಿಷನ್‌ನ ಮೇಲಿನ ಜಿಎಸ್‌ಟಿಯೂ ಕಳೆದು 85,000 ರೂಪಾಯಿ ಕೈಗೆ ಬರುವುದೆಂದು ಪುಸ್ತಕದಲ್ಲಿ ಬರೆದುಬಿಟ್ಟೆವು.

ಇಲ್ಲಿಯೇ ನಮ್ಮ ದೊಡ್ಡ ತಪ್ಪು ಆಯಿತು. ಚಿಟ್ಟಿ ಹಿಡಿದವರು ಮುಂದಿನ ಕಂತುಗಳಿಗೆ ಈಡು ಕೊಡಬೇಕು. ನಮಗೆ ಇನ್ನೂ 18 ಕಂತು, ಅಂದರೆ 45,000 ರೂಪಾಯಿ ಬಾಕಿ ಇತ್ತು. ಜಾಮೀನಿಗೆ ಸ್ಥಿರ ಸಂಬಳದ ಪ್ರಮಾಣಪತ್ರ ನಮ್ಮಿಬ್ಬರಲ್ಲಿ ಯಾರ ಬಳಿಯೂ ಇರಲಿಲ್ಲ, ಸಂಬಂಧಿಕರನ್ನು ಕೇಳಿ ಅವರನ್ನು ಸಂಕಟಕ್ಕೆ ಸಿಲುಕಿಸುವ ಮನಸ್ಸೂ ಇರಲಿಲ್ಲ, ಅಮ್ಮನ ಸರವನ್ನು ಅಡವಿಡುವ ಮಾತಂತೂ ದೂರ. ಕೊನೆಗೆ ಚಿಟ್ಟಿಯ ಹಣದಲ್ಲಿಯೇ 45,000ವನ್ನು ಠೇವಣಿಯಾಗಿ ಬಿಟ್ಟು 40,000 ಮಾತ್ರ ಮನೆಗೆ ತಂದೆವು. ಮದುವೆಗೆ ಮೂರು ತಿಂಗಳು ಇರುವಾಗ 3,26,000ದ ಖರ್ಚಿನ ಯೋಜನೆಗೆ ನಮ್ಮಲ್ಲಿ ಆಗಲಿದ್ದುದು 2,81,000 ಮಾತ್ರ: ಆರ್‌ಡಿ ಬಡ್ಡಿ ಸೇರಿ 2,02,000, ಚಿಟ್ಟಿಯ 40,000, ಉಳಿತಾಯದ 39,000. ಚಿಟ್ಟಿಗೆ ಸೇರುವ ದಿನವೇ ಈಡಿನ ವಿಷಯವನ್ನು ಕೇಳಿ ತಿಳಿದಿದ್ದರೆ ಆ ನವೆಂಬರಿನಲ್ಲಿ ನಾವಿಬ್ಬರೂ ನಿದ್ದೆಗೆಡಬೇಕಾಗಿರಲಿಲ್ಲ.

ಕೊರತೆಯನ್ನು ತುಂಬಿದ್ದು ಮತ್ತೆ ಎಲೆಯೇ. ಮೊದಲು ಕೇಟರಿಂಗಿನವರಿಗೆ ಎಲೆಗೆ 290 ರೂಪಾಯಿಯಂತೆ ಒಪ್ಪಿಸುವ ಯೋಚನೆಯಿತ್ತು, 450 ಎಲೆಗೆ 1,30,500. ಅದನ್ನು ಕೈಬಿಟ್ಟು ಭಟ್ಟರನ್ನೇ ಗೊತ್ತುಮಾಡಿ ಸಾಮಾನು ನಾವೇ ತಂದಾಗ ದಿನಸಿಗೆ 62,000, ಅಡಿಗೆಯವರಿಗೆ 28,000, ಒಟ್ಟು 90,000 ಆಯಿತು. ಖರ್ಚು ಭರಿಸಲು ಬಿಡಲಿಲ್ಲವೆಂದು ಒಳಗೊಳಗೇ ನೊಂದಿದ್ದ ಅಪ್ಪನಿಗೆ ಇದು ಸಮಾಧಾನ ತಂದಿತು. ತೆಂಗಿನಕಾಯಿ, ಬಾಳೆಗೊನೆ, ಸೌತೆಕಾಯಿ, ಅರ್ಧದಷ್ಟು ಬಾಳೆಲೆ ಎಲ್ಲವೂ ನಮ್ಮ ಮತ್ತು ನೆರೆಕರೆಯ ತೋಟದಿಂದ ಬಂದವು. ಫೆಬ್ರವರಿಯಾದುದರಿಂದ ಗುಜ್ಜೆ (ಎಳೆ ಹಲಸಿನಕಾಯಿ) ಧಾರಾಳವಾಗಿತ್ತು. ಮುನ್ನಾದಿನ ಸಂಜೆ ಊರಿನ ಹೆಂಗಸರೂ ಗಂಡಸರೂ ಕೈಗೆ ತೆಂಗಿನೆಣ್ಣೆ ಸವರಿಕೊಂಡು ದೇವಸ್ಥಾನದ ಹಿಂದಿನ ಅಂಗಳದಲ್ಲಿ ಗುಜ್ಜೆ ಕೊಚ್ಚಲು ಕುಳಿತರು. ಮೇಣ ಹಿಡಿದ ಕತ್ತಿಗಳನ್ನು ಒರೆಸುತ್ತ, ಹಾಡು ಹೇಳುತ್ತ, ರಾತ್ರಿ ಹತ್ತಕ್ಕೆ ಕೊನೆಯ ಬುಟ್ಟಿ ತುಂಬಿದಾಗ, 290 ರೂಪಾಯಿಯ ಎಲೆಯಲ್ಲಿ ಇದು ನಮಗೆ ಸಿಗುತ್ತಲೇ ಇರಲಿಲ್ಲ ಎಂದು ನನಗೆ ಅನ್ನಿಸಿತು. ನೀರಿನ ಬಾಟಲಿ ತರಿಸಲಿಲ್ಲ. ಲಾವಂಚ ಹಾಕಿ ಕುದಿಸಿದ ನೀರನ್ನು ಬಾಡಿಗೆಯ ಸ್ಟೀಲ್ ಲೋಟಗಳಲ್ಲಿ ಕೊಟ್ಟೆವು. ಒಂದೇ ಬಾರಿ ಬಳಸುವ ಪ್ಲಾಸ್ಟಿಕ್ಕನ್ನು ಕೇರಳದಲ್ಲಿ 2020ರ ಜನವರಿಯಿಂದಲೇ ನಿಷೇಧಿಸಿರುವುದರಿಂದ ಜನರಿಗೆ ಇದು ಹೊಸದಾಗಿಯೂ ಕಾಣಲಿಲ್ಲ. ಊಟ ಮುಗಿದಾಗ ಭಟ್ಟರ ಸಹಾಯಕರು ಎಣಿಸಿ ಹೇಳಿದ ಎಲೆ 438.

ಡ್ರೋನ್ ಮತ್ತು ಮುನ್ನಾದಿನದ ವಿಡಿಯೋವನ್ನು ಬಿಟ್ಟಾಗ 10,500 ಉಳಿದು, ಫೋಟೋದ ಖರ್ಚು 30,000ಕ್ಕೆ ನಿಂತಿತು. ಬಟ್ಟೆಗೆ 38,000 ಆಯಿತು. ಇದು ನನಗೆ ಈಗಲೂ ಹೆಚ್ಚೆಂದೇ ಕಾಣುತ್ತದೆ, ಆದರೆ ಹಿರಿಯರಿಗೆ ಉಡಿಸುವ ಸೀರೆ, ಪಂಚೆಗಳಲ್ಲಿ ಚೌಕಾಸಿ ಮಾಡಲು ಮನಸ್ಸಾಗಲಿಲ್ಲ. ಹೇಳಿಕೆ ಕಾಗದವನ್ನು ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳದಲ್ಲಿ 150 ಮಾತ್ರ ಅಚ್ಚು ಹಾಕಿಸಿ, ದೂರದವರಿಗೆ ಫೋನಿನಲ್ಲಿ ಮಾತನಾಡಿ ವಾಟ್ಸಾಪಿನಲ್ಲಿ ಕಳುಹಿಸಿದೆವು. ಮದುವೆಯ ದಿನ ಬರುವ ಉಡುಗೊರೆಯ ಕವರುಗಳನ್ನು ಲೆಕ್ಕದಲ್ಲಿ ಎಲ್ಲಿಯೂ ಸೇರಿಸಿರಲಿಲ್ಲ. ಬಂದದ್ದನ್ನೆಲ್ಲ ಹೆಸರು ಸಹಿತ ಬರೆದಿಟ್ಟಿದ್ದೇವೆ, ಏಕೆಂದರೆ ಅವರ ಮನೆಯ ಸಮಾರಂಭದಲ್ಲಿ ಅದನ್ನು ನಾವು ಹಿಂದಿರುಗಿಸಬೇಕಾದದ್ದು.

ಮದುವೆಯ ಮರುವಾರವೇ ಪಂಚಾಯತಿಗೆ ಹೋಗಿ ನೋಂದಣಿ ಮಾಡಿಸಿದೆವು. ಕೇರಳದ 2008ರ ನಿಯಮದಂತೆ ಇದಕ್ಕೆ 45 ದಿನಗಳ ಅವಧಿ ಇದೆ, ತಡಮಾಡಿದರೆ ಓಡಾಟವೂ ಖರ್ಚೂ ಹೆಚ್ಚು. ಎಲ್ಲರಿಗೂ ಕೊಟ್ಟು ಮುಗಿದಾಗ ಪುಸ್ತಕದಲ್ಲಿ 6,000 ರೂಪಾಯಿ ಉಳಿದಿತ್ತು. ಚಿಟ್ಟಿಯ ಬಾಕಿ 18 ಕಂತುಗಳನ್ನು ಒಂದೂ ತಪ್ಪದೆ ಕಟ್ಟಿದೆವು. 2025ರ ಮೇ ತಿಂಗಳಿನಲ್ಲಿ ಅದು ಮುಗಿದು, ಈಡಾಗಿ ಬಿಟ್ಟಿದ್ದ 45,000 ರೂಪಾಯಿ ಮರಳಿ ಬಂದ ದಿನ ಅವರು ಆ ನೋಟ್‌ಬುಕ್ಕಿನ ಕೊನೆಯ ಸಾಲನ್ನು ಬರೆದು ಅಡಿಗೆರೆ ಎಳೆದರು.