ರಕ್ತದ ವರದಿ ಓದುವ ಬಗೆ: ರಕ್ತಹೀನತೆ, ಸೋಡಿಯಂ, ಪೊಟ್ಯಾಸಿಯಂ

ಸಿಬಿಸಿ (ರಕ್ತಕಣಗಳ ಪೂರ್ಣ ಎಣಿಕೆ) ವರದಿ ಬಂದ ಕೂಡಲೇ ಎಲ್ಲರೂ ನೋಡುವುದು ಹಿಮೋಗ್ಲೋಬಿನ್. ಗಂಡಸರಿಗೆ 13, ಹೆಂಗಸರಿಗೆ 12, ಬಸುರಿಯರಿಗೆ ಡೆಸಿಲೀಟರ್‌ಗೆ 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ. ಅದು ಯಾಕೆ ಬಂತು ಎಂಬುದಕ್ಕೆ ಎಂಸಿವಿ ನೋಡಬೇಕು, ಅಂದರೆ ಕೆಂಪುಕಣದ ಗಾತ್ರ. 80ಕ್ಕಿಂತ ಕೆಳಗಿದ್ದರೆ ಹೆಚ್ಚಾಗಿ ಕಬ್ಬಿಣದ ಕೊರತೆ. 100 ದಾಟಿದರೆ ಬಿ12 ಅಥವಾ ಫೋಲೇಟ್ ಕೊರತೆಯ ಗುಮಾನಿ. ಕಬ್ಬಿಣ, ಬಿ12 ಎರಡರ ಕೊರತೆಯೂ ಒಟ್ಟಿಗಿದ್ದಾಗ ಎಂಸಿವಿ ಸರಿಯಾಗಿಯೇ ಕಾಣಬಹುದು.

ಎಂಸಿವಿ ಕಡಿಮೆಯಿದ್ದರೆ ಅದನ್ನು ಆರ್‌ಬಿಸಿ (ಕೆಂಪುಕಣಗಳ, ದಶಲಕ್ಷದಲ್ಲಿ) ಸಂಖ್ಯೆಯಿಂದ ಭಾಗಿಸಿ. ಉದಾಹರಣೆಗೆ ಎಂಸಿವಿ 64, ಆರ್‌ಬಿಸಿ 5.6 ಇದ್ದರೆ 64 ಭಾಗ 5.6 ಅಂದರೆ 11.4. 13ರ ಒಳಗೆ ಬಂದರೆ ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ವಂಶವಾಹಿ ರೋಗ) ವಾಹಕರಿರಬಹುದು. ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ನೋಡುವ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸಿ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿಯಿರುವ ನಮ್ಮ ರಾಯಚೂರು, ಕೊಪ್ಪಳ ಕಡೆ ಇದನ್ನು ಮದುವೆಗೆ ಮುಂಚೆಯೇ ಮಾಡಿಸುವುದು ಒಳ್ಳೆಯದು. ಇಬ್ಬರೂ ವಾಹಕರಾದರೆ ಪ್ರತಿ ಬಸಿರಲ್ಲೂ ಮಗುವಿಗೆ ರೋಗ ಬರುವ ಸಂಭವ 25%.

ಕಬ್ಬಿಣದ ಗುಳಿಗೆ ನುಂಗಿದರೂ ರಕ್ತ ಏರದಿದ್ದರೆ ಮೊದಲು ಚಹಾ ಯಾವಾಗ ಕುಡಿಯುತ್ತೀರಿ ನೋಡಿ. ಗುಳಿಗೆಗೂ ಚಹಾಕ್ಕೂ ಎರಡು ತಾಸು ಅಂತರವಿರಲಿ. ಕ್ಯಾಲ್ಸಿಯಂ ಗುಳಿಗೆ ಬೇರೆ ಹೊತ್ತಿಗೆ. ಕಬ್ಬಿಣದ ಗುಳಿಗೆಯಿಂದ ಮಲ ಕಪ್ಪಾದರೆ ಗಾಬರಿ ಬೇಡ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಮೂರು ತಿಂಗಳು ಬಿಡಬಾರದು, ಶರೀರದ ದಾಸ್ತಾನು ತುಂಬುವುದು ಆಗಲೇ. ಗಂಡಸರಲ್ಲಿ, ಮುಟ್ಟು ನಿಂತವರಲ್ಲಿ ಕಬ್ಬಿಣ ಇಳಿದಿದ್ದರೆ ಹೊಟ್ಟೆ, ಕರುಳಲ್ಲಿ ರಕ್ತ ಸೋರುತ್ತಿದೆಯೇ ಎಂದು ಪರೀಕ್ಷಿಸಲೇಬೇಕು.

ಇನ್ನು ರಕ್ತದಲ್ಲಿನ ಲವಣಗಳು: ಸೋಡಿಯಂ 135ರಿಂದ 145, ಪೊಟ್ಯಾಸಿಯಂ 3.5ರಿಂದ 5 ಇರಬೇಕು. ಬೇಸಿಗೆಯಲ್ಲಿ ಹೊಲದಲ್ಲಿ ಬೆವರಿ ಬರೀ ನೀರು ಕುಡಿದರೂ, ವಾಂತಿಭೇದಿಯಾದರೂ ಸೋಡಿಯಂ ಇಳಿಯುತ್ತದೆ: ತಲೆನೋವು, ವಾಕರಿಕೆ, ಮಂಕು, ಕೊನೆಗೆ ಫಿಟ್ಸ್. ಓಆರ್‌ಎಸ್‌ನ 20.5 ಗ್ರಾಂ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಿ. ಲೋಟಕ್ಕೆ ಚೂರು ಚೂರು ಹಾಕಿದರೆ ಹದ ಕೆಡುತ್ತದೆ. ಎಳನೀರಲ್ಲಿ ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಹೆಚ್ಚು, ಹಾಗಾಗಿ ಅದು ಓಆರ್‌ಎಸ್‌ಗೆ ಬದಲಿಯಲ್ಲ. ಮೂತ್ರಪಿಂಡದ ರೋಗಿಗಳಿಗಂತೂ ಅಪಾಯ. ಮಂಕಾದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಬಹುದಿನದಿಂದ ಇಳಿದ ಸೋಡಿಯಂ ಬೇಗ ಏರಿಸಿದರೆ ಮಿದುಳಿಗೆ ಹಾನಿ, ಅದಕ್ಕೇ ವೈದ್ಯರು ನಿಧಾನಿಸುತ್ತಾರೆ.

ಪೊಟ್ಯಾಸಿಯಂ 6 ದಾಟಿದರೆ ತಕ್ಷಣ ಇಸಿಜಿ ಬೇಕು, ಹೃದಯ ನಿಲ್ಲಬಹುದು. ರಕ್ತ ತೆಗೆಯುವಾಗ ಕಣಗಳು ಒಡೆದರೂ ಸಂಖ್ಯೆ ಸುಳ್ಳಾಗಿ ಏರುತ್ತದೆ. ವರದಿಯಲ್ಲಿ ‘ಹಿಮೋಲೈಸ್ಡ್’ ಎಂದಿದ್ದರೆ ಮತ್ತೆ ರಕ್ತ ಕೊಡಿ, ಆದರೆ ಇಸಿಜಿಯನ್ನು ಅದಕ್ಕಾಗಿ ತಡಮಾಡಬೇಡಿ.