ಬೀಗದ ಕೈ ಗೊಂಚಲಿಗೆ ಚಿಕ್ಕಮ್ಮ ಕೈ ಹಾಕಿದ್ರು

ಟ್ರಾಂಪ್ ಲೋಯಿ, ಅಂದ್ರೆ ನಿಜದ ವಸ್ತುವೇ ಅಂತ ಕಣ್ಣಿಗೆ ಮೋಸ ಮಾಡೋ ಚಿತ್ರ, ಅದನ್ನೆಲ್ಲ ಈಗ ಯಾರು ನೋಡ್ತಾರೆ, ಫೋಟೋ ಪ್ರಿಂಟ್ ಹಾಕ್ಸು ಅಂತಿದ್ರು ಗೆಳೆಯರು. ಹೋದ ತಿಂಗಳು ಚಿಕ್ಕಮ್ಮ ಹೊರಡೋವಾಗ ಬಾಗಿಲು ಪಕ್ಕದ ಹಲಗೆಯಿಂದ ಬೀಗದ ಕೈ ತಗೊಳ್ಳಕ್ಕೆ ಹೋದ್ರು, ಬೆರಳು ತಾಗಿದ್ಮೇಲೇ ಗೊತ್ತಾಗಿದ್ದು ಅದು ಪೇಂಟಿಂಗ್ ಅಂತ. ನಂಗೆ ಅಷ್ಟು ಸಾಕಿತ್ತು.

ಮೊದಲ ನಾಲ್ಕೈದು ಪೂರ್ತಿ ವೇಸ್ಟ್, ಬಣ್ಣ ಬೋರ್ಡು ಸೇರಿ ಎಂಟೊಂಬತ್ತು ಸಾವಿರ ಹೋಗಿರ್ಬೇಕು. ತಾಮ್ರದ ಚೊಂಬು, ತೆಂಗಿನಕಾಯಿ ಮೇಜಿನ ಮೇಲಿಟ್ಟು ಬರೆದೆ, ಚಿತ್ರ ಚೆನ್ನಾಗೇ ಇತ್ತು, ಆದ್ರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದ್ರೆ ಚೊಂಬಿನ ಮಗ್ಗುಲು ಕಾಣ್ಬೇಕಲ್ಲ, ಕಾಣಲ್ಲ, ಕಣ್ಣು ಅಲ್ಲೇ ಹಿಡಿದುಬಿಡುತ್ತೆ. ಫ್ಲೆಮಿಶ್ ಕಲಾವಿದ ಗೈಸ್‌ಬ್ರೆಕ್ಟ್ಸ್ 1670ರ ಹೊತ್ತಿಗೆ ಕ್ಯಾನ್ವಾಸಿನ ಬೆನ್ನನ್ನೇ ಬರೆದಿದ್ದಾನೆ, ಮರದ ಚೌಕಟ್ಟು, ಮೊಳೆ, 36 ಅಂತ ಬರೆದ ಒಂದು ಚೀಟಿ, ಅಷ್ಟೇ. ಆಳವೇ ಇಲ್ಲ! ಅದನ್ನ ನೋಡಿದ್ಮೇಲೆ ಚೊಂಬು ಬಿಟ್ಟೆ.

ಎಂಡಿಎಫ್‌ನ್ನೇ (ಮರದ ಪುಡಿ ಒತ್ತಿ ಮಾಡಿದ ಬೋರ್ಡು) ಕೀ ಹಾಕೋ ಹಲಗೆ ಆಕಾರಕ್ಕೆ ಕುಯ್ಸಿದೆ, ಫ್ರೇಮ್ ಇಲ್ಲ, ಬಣ್ಣಕ್ಕೆ ಮುಂಚೆ ಬಳಿಯೋ ಬಿಳಿ ತಳಪದರ ಗೆಸ್ಸೋ ಮೂರು ಕೋಟು, ಉಜ್ಜೋಕೆ 400ರ ಮರಳು ಪೇಪರ್ರು. ಎಲ್ಲ ನಿಜದ ಅಳತೇಲೇ. ಮೊದಲ್ನೇ ಹಲಗೆ ಟ್ಯೂಬ್‌ಲೈಟಲ್ಲಿ ಬರೆದು ನೆರಳು ಎಡಕ್ಕೆ ಬಿತ್ತು, ನೇತುಹಾಕೋ ಜಾಗಕ್ಕೆ ಬೆಳಕು ಎಡಗಡೆ ಕಿಟಕಿಯಿಂದ ಬರೋದು, ಹದಿನೈದು ದಿನದ ಕೆಲಸ ಮಣ್ಣುಪಾಲು. ಎರಡನೇದಕ್ಕೆ ಹೊಳಪಿನ ವಾರ್ನಿಶ್ ಹೊಡೆದೆ, ಕಿಟಕಿಯೇ ಅದ್ರಲ್ಲಿ ಕಾಣ್ತಿತ್ತು, ಈಗ ಮ್ಯಾಟ್ ಬಿಟ್ರೆ ಮುಟ್ಟಲ್ಲ. ನೆರಳಿಗೆ ಕಪ್ಪು ಹಾಕ್ಬೇಡಿ, ಬರ್ನ್ಟ್ ಅಂಬರ್‌ಗೆ (ಕಡು ಕಂದು) ಅಲ್ಟ್ರಾಮರೀನ್ ನೀಲಿ ಸೇರಿಸಿ ತೆಳ್ಳಗೆ ನಾಲ್ಕೈದು ಪದರ, ಕೀ ಹಲಗೆಗೆ ತಾಗೋ ಕಡೆ ಗೆರೆಯಷ್ಟು ಚೂಪು, ದೂರ ಹೋದಷ್ಟೂ ಮಸುಕು. ಆ ಮಸುಕು ಯಾವುದ್ರಲ್ಲಿ ಎಳೀತೀನಿ ಅಂತ ಮಾತ್ರ ಕೇಳ್ಬೇಡಿ, ಅದಕ್ಕೆ ಒಂದು ವರ್ಷ ಹಿಡಿದಿದೆ. ಮೊಳೆ ಕೆಳಗೆ ಸಣ್ಣ ತುಕ್ಕಿನ ಕಲೆ ಇಳಿಸಿದೀನಿ, ಕೀ ಮೇಲೆ ಬಿಳಿ ಚುಕ್ಕೆ ಒಂದೇ ಒಂದು.

ಮಧ್ಯೆ ಹತ್ತು ರೂಪಾಯಿ ನೋಟೂ ಟ್ರೈ ಮಾಡಿ ನಿಲ್ಲಿಸಿದೆ, ಅಮೆರಿಕದ ಕಲಾವಿದ ಹಾರ್ನೆಟ್‌ಗೆ 1886ರಲ್ಲಿ ನೋಟು ಬರೆದಿದ್ದಕ್ಕೇ, ಖೋಟಾ ನೋಟು ಹಿಡಿಯೋ ಸೀಕ್ರೆಟ್ ಸರ್ವಿಸ್‌ನವ್ರು ಗಂಟುಬಿದ್ದಿದ್ರು. ಅಕ್ರಿಲಿಕ್ ಬಣ್ಣಾನೂ ನೋಡ್ದೆ, ಬೇಗ ಒಣಗುತ್ತೆ, ನೆರಳಿಗೆ ಆಗಲ್ಲ.

ಇಂಥದ್ದೇ ಇನ್ನೊಂದು ಸಕಲೇಶಪುರದ ಕಡೆ ಹೋಮ್‌ಸ್ಟೇಗೆ ಹೋಯ್ತು, ಹನ್ನೆರಡು ಸಾವಿರದ ಹತ್ರ ಸಿಕ್ತು, ಖರ್ಚು ಎರಡು ದಾಟಿಲ್ಲ. ಈಗ ಮೊಳೆಗೆ ಸಿಕ್ಕಿಸಿದ ಕರೆಂಟ್ ಬಿಲ್ ಬರೀತಿದೀನಿ, ಬಿಲ್ ಮಡಚಿದ ಗೆರೆಯ ನೆರಳು ಎರಡು ಸಲ ಒರೆಸಿ ಆಯ್ತು.