ಎರಡು ಸಲ ಸೀಜ್ ಆದ ಔಟ್‌ಬೋರ್ಡ್ ಎಂಜಿನ್ ಮನೆ ಜಗಲಿಲೇ ಬಿಚ್ಚಿ ಕಟ್ಟಿದ ನನ್ನ ಅನುಭವ

ನಮ್ಮ ಮಾವಂದು (ಅಮ್ಮನ ತಮ್ಮ) ಗಂಗೊಳ್ಳಿಲಿ ನಾಡದೋಣಿ. ಅದಕ್ಕೆ 9.9 ಎಚ್‌ಪಿ ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಔಟ್‌ಬೋರ್ಡ್ (ದೋಣಿ ಹಿಂದೆ ಹೊರಗಡೆ ಕಟ್ಟೋ) ಎಂಜಿನ್, ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಬಿಸಿ ಆದ್ಮೇಲೆ ಸೀಮೆಎಣ್ಣೆಗೆ ತಿರುಗಿಸೋದು. ಫೆಬ್ರವರಿಲಿ ಒಂದ್ಸಲ ಸೀಜ್ ಆಯ್ತು (ಪಿಸ್ಟನ್ ಸಿಲಿಂಡರಿಗೆ ಕಚ್ಕೊಂಡು ನಿಲ್ತು), ಮೆಕ್ಯಾನಿಕ್ ಹತ್ರ ಕೊಟ್ಟು ಕೆಳಗಿನ ಸಿಲಿಂಡರಿಗೆ ಹೊಸ ಪಿಸ್ಟನ್, ರಿಂಗ್ ಹಾಕಿಸಿ ತಂದ್ರು, ಏಪ್ರಿಲ್ ಕೊನೆಗೆ ಅದೇ ಸಿಲಿಂಡರ್ ಮತ್ತೆ ಹಿಡ್ಕೊಳ್ತು. ಅಳಿವೆ ಒಳಗೆ ಬಂದಾದ ಮೇಲೆ ನಿಂತಿದ್ದು ಪುಣ್ಯ, ಹೊರಗೆ ಆಗಿದ್ರೆ ಏನು ಗತಿ ಅಂತ ಅತ್ತೆ ಎರಡು ದಿನ ಅದನ್ನೇ ಹೇಳ್ತಿದ್ರು.

ಗೊತ್ತಿಲ್ಲದವರಿಗೆ ಒಂದು ವಿಷಯ ಹೇಳ್ಬೇಕು. ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳಿಲಿ ದೊಡ್ಡ ಬೋಟಿನವರಿಗೆ ಮೀನುಗಾರಿಕೆ ನಿಷೇಧ, 10 ಎಚ್‌ಪಿ ಒಳಗಿನ ಎಂಜಿನ್ ಇಟ್ಕೊಂಡ ನಾಡದೋಣಿಯವರಿಗೆ ಮಾತ್ರ ಹೋಗ್ಬಹುದು. ಅಂದ್ರೆ ಮಾವನ ಥರದವರಿಗೆ ನಾಲ್ಕು ಕಾಸು ಆಗೋದೇ ಆ ಮಳೆಗಾಲದಲ್ಲಿ. ಹೊಸ ಎಂಜಿನ್ ಅಂದ್ರೆ ಲಕ್ಷದ ಮೇಲಿನ ಮಾತು. ನಾನು ಐಟಿಐ ಫಿಟ್ಟರ್, ಹಳೇ ಆರ್‌ಎಕ್ಸ್ 100 ಬೈಕುಗಳ ಎಂಜಿನ್ ಸುಮಾರು ಬಿಚ್ಚಿದ್ದೀನಿ, ದೋಣಿ ಎಂಜಿನ್ ಮಾತ್ರ ಮುಟ್ಟಿರ್ಲಿಲ್ಲ. "ಮಾವ, ಒಂದು ತಿಂಗಳು ಟೈಮ್ ಕೊಡಿ, ನಾನೇ ನೋಡ್ತೆ" ಅಂದೆ, ರಿಕ್ಷಾದಲ್ಲಿ ಹಾಕಿ ಮನೆಗೆ ತಂದು ಜಗಲಿಲಿ ಒಂದು ಹಲಗೆಗೆ ಕ್ಲ್ಯಾಂಪ್ ಮಾಡಿ ನಿಲ್ಲಿಸ್ದೆ.

ನನ್ನ ತಲೆಲಿ ಇದ್ದ ಪ್ರಶ್ನೆ ಒಂದೇ, ಎರಡು ಸಲವೂ ಕೆಳಗಿನದ್ದೇ ಯಾಕೆ? ಎಲ್ರೂ ಹೇಳಿದ್ದು ನೀರು ಎಳೀತಿಲ್ಲ, ಇಂಪೆಲ್ಲರ್ (ಎಂಜಿನ್ ತಣ್ಣಗಿಡೋಕೆ ನೀರು ಎಳೆಯೋ ರಬ್ಬರ್ ಚಕ್ರ) ಹೋಗಿರ್ಬೇಕು ಅಂತ. ಸರಿ, ಮೊದಲು ಕೆಳಗಿನ ಗೇರ್‌ಕೇಸ್ ಇಳಿಸಿ ನೋಡ್ದೆ, ಇಂಪೆಲ್ಲರ್ ರಬ್ಬರ್ ಎಲೆಗಳೆಲ್ಲ ಚೆನ್ನಾಗೇ ಇದ್ವು, ಒಂದೂ ಹರಿದಿರ್ಲಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ಮೇಲಿನದ್ದು ಒಣಗಿ ಕಂದು ಬಣ್ಣ, ಕೆಳಗಿನದ್ದರಲ್ಲಿ ಮಾತ್ರ ಬೂದು ಬಿಳಿ ಕಲೆ, ತಿರುಪಿನ ಹತ್ರ ತುಕ್ಕು. ನೀರು ಕಮ್ಮಿ ಆಗಿ ಬಿಸಿ ಆಗಿದ್ರೆ ತುಕ್ಕು ಎಲ್ಲಿಂದ ಬರ್ಬೇಕು? ಅಲ್ಲೇ ಅನುಮಾನ ಬಂತು, ಆದ್ರೆ ಉತ್ತರ ಸಿಕ್ಕಿದ್ದು ತುಂಬ ಆಮೇಲೆ.

ಬಿಚ್ಚೋ ಕೆಲ್ಸಕ್ಕೇ ನಾಲ್ಕು ದಿನ ಹೋಯ್ತು. ಅಲ್ಯೂಮಿನಿಯಂ ಬಾಡಿ, ಉಕ್ಕಿನ ಬೋಲ್ಟ್, ನಡುವೆ ಉಪ್ಪುನೀರು, ಮೂರೂ ಸೇರಿದ್ರೆ ಸುಣ್ಣದ ಥರ ಬಿಳಿ ಪುಡಿ ಕಟ್ಟಿ ಬೋಲ್ಟ್ ಕಚ್ಕೊಂಡ್ಬಿಡುತ್ತೆ. ಸ್ಪ್ಯಾನರ್ ಹಾಕಿ ಜಗ್ಗಿದ್ರೆ ತಲೆ ಮುರಿಯೋದು ಗ್ಯಾರಂಟಿ. ನಾನು ಮಾಡಿದ್ದು ಏನಂದ್ರೆ ಹಿಂದಿನ ರಾತ್ರಿ ಡೀಸೆಲ್ ಬಿಟ್ಟಿಡೋದು, ಬೆಳಿಗ್ಗೆ ಬ್ಲೋ ಲ್ಯಾಂಪಲ್ಲಿ ಬೋಲ್ಟಿನ ಸುತ್ತ ಬಾಡಿ ಬಿಸಿ ಮಾಡೋದು (ಕಾರ್ಬುರೇಟರ್, ಪೆಟ್ರೋಲ್ ಪೈಪ್ ಎಲ್ಲ ಮೊದ್ಲೇ ತೆಗೆದು ದೂರ ಇಟ್ಟ ಮೇಲೆ), ಮೊದ್ಲು ಕೂದಲೆಳೆಯಷ್ಟು ಟೈಟ್ ಕಡೆಗೆ ತಿರುಗಿಸಿ ಆಮೇಲೆ ಲೂಸ್ ಮಾಡೋದು. ಹಾಗೂ ಎರಡು ಮುರಿದ್ವು. ಮುರಿದ ತುಂಡಿನ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿಸ್ದೆ, ಆ ಬಿಸಿಗೇ ಸಡಿಲ ಆಗಿ ಬಂತು. ಫ್ಲೈವೀಲಿಗೆ (ಎಂಜಿನ್ ಮೇಲ್ತುದಿಯ ಭಾರದ ಚಕ್ರ) ಪುಲ್ಲರೇ (ಎಳೆದು ತೆಗೆಯೋ ಟೂಲ್) ಬೇಕು, ಸುತ್ತಿಗೆ ಹೊಡೆದ್ರೆ ಕ್ರ್ಯಾಂಕ್ (ಪಿಸ್ಟನ್ ತಿರುಗಿಸೋ ಶಾಫ್ಟ್) ಹಾಳು.

ಹೆಡ್ ತೆಗ್ದಾಗ ಕೆಳಗಿನ ಪಿಸ್ಟನ್ ನೋಡಿ ಹೊಟ್ಟೆ ಉರೀತು. ಎರಡು ತಿಂಗಳ ಹೊಸ ಪಿಸ್ಟನ್, ಎಕ್ಸಾಸ್ಟ್ ಕಡೆ ಉದ್ದಕ್ಕೆ ಗೀರು, ಮೇಲಿನ ರಿಂಗ್ ಅದು ಕೂರೋ ತೋಡಿನಲ್ಲೇ ಅಂಟಿ ಕೂತಿತ್ತು, ಅಲ್ಯೂಮಿನಿಯಂ ಕರಗಿ ಸ್ಲೀವಿಗೆ (ಸಿಲಿಂಡರಿನ ಒಳಗೋಡೆ) ಮೆತ್ಕೊಂಡಿತ್ತು. ಕೆಳಗಿನ ಮೇನ್ ಬೇರಿಂಗ್ ಕೈಯಲ್ಲಿ ತಿರುಗಿಸಿದ್ರೆ ಮರಳು ಹಾಕಿದ ಹಾಗೆ ಗರಗರ, ಒಳಗೆ ಕೆಂಪು ತುಕ್ಕು. ಕನೆಕ್ಟಿಂಗ್ ರಾಡ್ ಎರಡರಲ್ಲೂ ಮೇಲೆ ಕೆಳಗೆ ಅಲುಗಾಟ ಇರ್ಲಿಲ್ಲ, ಅದೊಂದು ಉಳೀತು, ಇಲ್ಲಾಂದ್ರೆ ಪ್ರೆಸ್ ಮಾಡಿ ಕಟ್ಟಿದ ಕ್ರ್ಯಾಂಕು ಬಿಚ್ಚಿಸಿ ಅಲೈನ್ ಮಾಡ್ಸೋದು ದೊಡ್ಡ ತಲೆನೋವು.

ಬೋರ್ (ಸಿಲಿಂಡರಿನ ಒಳ ಅಗಲ) 56 ಮಿಮೀ. ಕೆಳಗಿನದ್ದರಲ್ಲಿ ಗೀರು ಆಳ ಇದ್ದಿದ್ರಿಂದ 0.25 ಮಿಮೀ ಓವರ್‌ಸೈಜ್ (ಅಷ್ಟು ಕೊರೆದು ದೊಡ್ಡ ಪಿಸ್ಟನ್ ಹಾಕೋದು) ಸಾಕಾಗ್ಲಿಲ್ಲ, ಎರಡಕ್ಕೂ 0.50 ಮಾಡಿಸ್ದೆ. ಪಿಸ್ಟನ್ ಮೊದ್ಲು ತಂದು ಬೋರ್ ಮಾಡೋರ ಕೈಗೆ ಕೊಟ್ಟು, ಆ ಪಿಸ್ಟನ್ ಅಳತೆ ನೋಡಿಯೇ ಬೋರ್ ಮಾಡಿ ಅಂತ ಹೇಳ್ಬೇಕು, ಇದು ಬಹಳ ಮುಖ್ಯ. ಇನ್ನೊಂದು, ಬೋರಿಂಗ್ ಆಗಿ ಬಂದಾಗ ಪೋರ್ಟಿನ (ಸಿಲಿಂಡರ್ ಗೋಡೆಲಿರೋ ಕಿಂಡಿ) ಅಂಚು ಬ್ಲೇಡಿನ ಹಾಗೆ ಇರುತ್ತೆ. ಟೂ ಸ್ಟ್ರೋಕಲ್ಲಿ ರಿಂಗು ಪ್ರತಿ ಸುತ್ತಿಗೂ ಆ ಕಿಂಡಿ ದಾಟಿ ಹೋಗ್ಬೇಕಲ್ಲ, ಅಂಚಿಗೆ ತಾಗಿದ್ರೆ ರಿಂಗ್ ತುಂಡಾಗುತ್ತೆ. ನಾನು ಒಂದು ಸಣ್ಣ ಸಾಣೆಕಲ್ಲು, ಆಮೇಲೆ ಬೆರಳಿಗೆ ಸುತ್ತಿದ ಎಮರಿ ಪೇಪರ್ ಇಟ್ಕೊಂಡು ಎಕ್ಸಾಸ್ಟ್ ಪೋರ್ಟು, ಟ್ರಾನ್ಸ್‌ಫರ್ ಪೋರ್ಟು ಎಲ್ಲದರ ಅಂಚು ಸವರ್ತಾ ಕೂತೆ, ಒಂದು ಇಡೀ ಭಾನುವಾರ. ಹತ್ತಿ ಉಂಡೆ ಎಳೆದಾಗ ಒಂದು ನೂಲೂ ಸಿಕ್ಕಿಕೊಳ್ಬಾರ್ದು, ಅಲ್ಲಿ ತನಕ. ಸಿಲಿಂಡರ್ ಸುತ್ತ ನೀರು ಓಡಾಡೋ ದಾರೀಲಿ ಉಪ್ಪು ಗಟ್ಟಿಯಾಗಿ ಕೂತಿತ್ತು, ವಿನೆಗರ್ ನೀರಲ್ಲಿ ನೆನೆಸಿ ಕಡ್ಡಿಲಿ ಕೆರೆದು ತೊಳೆದೆ. ಎಕ್ಸಾಸ್ಟ್ ಪೋರ್ಟಿನ ಕಾರ್ಬನ್ನೂ ಮರದ ಕಡ್ಡಿಲೇ ತೆಗೆದೆ.

ಪಿಸ್ಟನ್ ತಲೆ ಮೇಲೆ 'ಅಪ್' ಅಂತ ಗುರುತು ಇರುತ್ತೆ, ಅದು ಫ್ಲೈವೀಲ್ ಕಡೆಗೆ. ರಿಂಗಿನ ಬಾಯಿ ತೋಡಿನಲ್ಲಿರೋ ಸಣ್ಣ ಪಿನ್ನಿಗೆ ಸರಿಯಾಗಿ ಕೂರ್ಬೇಕು. ಕ್ರ್ಯಾಂಕ್‌ಕೇಸ್ (ಕ್ರ್ಯಾಂಕ್ ಕೂರೋ ಪೆಟ್ಟಿಗೆ) ಎರಡು ಹೋಳಿನ ನಡುವೆ ಗ್ಯಾಸ್ಕೆಟ್ ಇಲ್ಲ, ತೆಳ್ಳಗೆ ಸೀಲಂಟ್ ಅಷ್ಟೇ, ಜಾಸ್ತಿ ಹಚ್ಚಿದ್ರೆ ಒಳಗೆ ಹೋಗಿ ಬೇರಿಂಗ್ ಸೇರುತ್ತೆ. ಬೋಲ್ಟ್ ನಡುವಿಂದ ಹೊರಗೆ, ಮೂರು ಸುತ್ತಲ್ಲಿ ಟೈಟ್ ಮಾಡ್ದೆ. ಹೊಸ ಬೇರಿಂಗ್, ಮೇಲೆ ಕೆಳಗೆ ಹೊಸ ಆಯಿಲ್ ಸೀಲ್ (ಶಾಫ್ಟ್ ಸುತ್ತ ಸೋರದ ಹಾಗೆ ತಡೆಯೋ ರಬ್ಬರ್ ಬಳೆ), ಎಲ್ಲ ಆಯ್ತು. ಮಾವ ದಿನಾ ಸಂಜೆ ಬಂದು ಜಗಲಿ ತುದಿಲಿ ಕೂತು "ಹ್ವಾಯ್, ಇನ್ನೆಷ್ಟ್ ದಿನ ಮಾರಾಯ" ಅಂತ ಕೇಳೋದು, ಮೇ 20 ದಾಟಿತ್ತು.

ಅವತ್ತೇ ಎತ್ತಿ ಕೂರಿಸಿಬಿಡ್ಬಹುದಿತ್ತು, ಆದ್ರೆ ಆ ತುಕ್ಕಿನ ಪ್ರಶ್ನೆ ಬಿಡ್ಲಿಲ್ಲ. ಹಾಗಾಗಿ ಗಾಳಿ ಹಾಕಿ ನೋಡೋಣ ಅಂತ ಇಂಟೇಕ್ ಬಾಯಿಗೆ, ಕೆಳಗಿನ ಎಕ್ಸಾಸ್ಟ್ ದಾರಿಗೆ ಲಾರಿ ಟ್ಯೂಬಿನ ರಬ್ಬರ್ ಕತ್ತರಿಸಿ ಇಟ್ಟು ಮೇಲಿಂದ ಪ್ಲೈವುಡ್ ಬಿಗಿದೆ, ಒಂದು ಟ್ಯೂಬ್ ವಾಲ್ವ್ ಕೂರಿಸಿ ಸೈಕಲ್ ಪಂಪಲ್ಲಿ ಮೆಲ್ಲ ಗಾಳಿ ತುಂಬಿದೆ, ಐದಾರು ಪಿಎಸ್‌ಐ ಅಷ್ಟೇ, ಜಾಸ್ತಿ ಹಾಕಿದ್ರೆ ಸೀಲೇ ಕಿತ್ತು ಬರುತ್ತೆ. ಎಲ್ಲ ಕಡೆ ಸೋಪು ನೀರು ಹಚ್ಚಿದೆ. ಜಾಯಿಂಟಲ್ಲಿ ಏನೂ ಇಲ್ಲ. ಕ್ರ್ಯಾಂಕಿನ ಕೆಳತುದಿಲಿ, ಹೊಸ ಸೀಲಿನ ತುಟಿ ಹತ್ರ, ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆ ಒಂದರ ಹಿಂದೆ ಒಂದು ಬರೋಕೆ ಶುರು ಆಯ್ತು. ಕ್ರ್ಯಾಂಕ್ ತಿರುಗಿಸಿದ ಹಾಗೆ ಜಾಸ್ತಿ.

ಹೊಸ ಸೀಲು ಯಾಕೆ ಲೀಕ್ ಆಗ್ಬೇಕು ಅಂತ ಬಿಚ್ಚಿ ಶಾಫ್ಟ್ ಒರೆಸಿ ಉಗುರು ಎಳೆದು ನೋಡ್ದೆ. ಸೀಲಿನ ತುಟಿ ಕೂರೋ ಜಾಗದಲ್ಲಿ ಸುತ್ತಲೂ ಒಂದು ಸಣ್ಣ ಗೆರೆ, ಕಣ್ಣಿಗೆ ಬರೀ ಹೊಳಪಿನ ಹಾಗೆ ಕಾಣ್ತಿತ್ತು, ಉಗುರು ಮಾತ್ರ ಅಲ್ಲಿ ಟಕ್ ಅಂತ ನಿಲ್ತಿತ್ತು. ವರ್ಷಗಟ್ಟಲೆ ಉಪ್ಪು ಸೇರಿ ಸೀಲು ಶಾಫ್ಟನ್ನೇ ತಿಂದಿದೆ. ಟೂ ಸ್ಟ್ರೋಕಲ್ಲಿ ಪಿಸ್ಟನ್ ಮೇಲೆ ಹೋದಾಗ ಕೆಳಗೆ ಕ್ರ್ಯಾಂಕ್‌ಕೇಸಲ್ಲಿ ಎಳೆತ ಹುಟ್ಟುತ್ತಲ್ಲ, ಕಾರ್ಬುರೇಟರಿಂದ ಬರೋ ಎಣ್ಣೆ ಗಾಳಿ ಜೊತೆಗೆ ಈ ಗೆರೆ ಮೂಲಕ ಕೆಳಗಿನ ಎಕ್ಸಾಸ್ಟ್ ಹೌಸಿಂಗಿನ ಹೊಗೆ, ಕೂಲಿಂಗಿಗೆ ಹೋಗಿ ಬೀಳೋ ಉಪ್ಪುನೀರಿನ ಹನಿ ಎಲ್ಲ ಒಳಗೆ ಬರ್ತಿತ್ತು. ಆ ನೀರು ಎಣ್ಣೆ ಪದರ ತೊಳೀತು, ಬೇರಿಂಗ್ ತುಕ್ಕು ಹಿಡೀತು, ಪಿಸ್ಟನ್ ಒಣಗಿ ಕಚ್ಕೊಳ್ತು. ಕೆಳಗಿನ ಸಿಲಿಂಡರಿನ ಕ್ರ್ಯಾಂಕ್‌ಕೇಸ್ ಬೇರೆ, ಮೇಲಿನದ್ದು ಬೇರೆ, ಅದಕ್ಕೇ ಮೇಲಿನದ್ದಕ್ಕೆ ಏನೂ ಆಗ್ಲಿಲ್ಲ. ಸುಮ್ನೆ ಪಿಸ್ಟನ್ ಬದಲಿಸಿದ್ರೆ ಇದು ಇನ್ನೂ ಹತ್ತು ಸಲ ಸೀಜ್ ಆಗ್ತಿತ್ತು.

ಕ್ರ್ಯಾಂಕ್ ಬದಲಾಯಿಸೋ ದುಡ್ಡು ಇರ್ಲಿಲ್ಲ. ಸೀಲ್ ಹೌಸಿಂಗಿನ ಒಳಗೆ, ಸೀಲಿನ ಹಿಂದೆ, ಒಂದು ಮಿಮೀ ದಪ್ಪದ ಹಿತ್ತಾಳೆ ರಿಂಗ್ ಲೇತಲ್ಲಿ ಮಾಡಿಸಿ ಹಾಕ್ದೆ, ಆಗ ಸೀಲಿನ ತುಟಿ ಹಳೇ ಗೆರೆ ಬಿಟ್ಟು ಪಕ್ಕದ ನುಣ್ಣನೆ ಜಾಗದಲ್ಲಿ ಕೂರುತ್ತೆ. ಶಾಫ್ಟನ್ನ ಸಾವಿರ ನಂಬರ್ ಎಮರಿಲಿ ಪಾಲಿಶ್ ಮಾಡಿ ಸೀಲಿಗೆ ಗ್ರೀಸ್ ತುಂಬಿ ಕೂರಿಸಿದೆ. ಮತ್ತೆ ಗಾಳಿ, ಮತ್ತೆ ಸೋಪು. ಹತ್ತು ನಿಮಿಷ ಆದ್ರೂ ಗೇಜಿನ ಮುಳ್ಳು ಅಲ್ಲಾಡ್ಲಿಲ್ಲ. ಮಾವನನ್ನ ಕರೆದು ತೋರಿಸ್ದೆ.

ಇಂಪೆಲ್ಲರ್ ಚೆನ್ನಾಗಿದ್ರೂ ಹೊಸದೇ ಹಾಕ್ದೆ, ಹಾಕುವಾಗ ಸೋಪು ನೀರು ಹಚ್ಚಿ ಶಾಫ್ಟನ್ನ ತಿರುಗೋ ದಿಕ್ಕಿಗೇ ತಿರುಗಿಸ್ತಾ ಒತ್ಬೇಕು, ಎಲೆಗಳು ಒಂದೇ ಕಡೆ ಮಡಚ್ಕೊಳ್ಬೇಕು. ನೀರಿನ ಡ್ರಮ್ಮಲ್ಲಿ ಇಳಿಸಿ ಹಗ್ಗ ಎಳೆದ್ರೆ ಆರನೇ ಎಳೆತಕ್ಕೆ ಹತ್ಕೊಂಡ್ತು. ಮೊದಲ 10 ಗಂಟೆ ಸೀಮೆಎಣ್ಣೆ ಬೇಡ, ಪೆಟ್ರೋಲಲ್ಲೇ, 25 ಲೀಟರಿಗೆ 1 ಲೀಟರ್ ಆಯಿಲ್, ಫುಲ್ ಥ್ರಾಟಲ್ ಇಲ್ಲ, ಹೊಳೆ ಒಳಗೇ ಓಡಿಸಿ ಅಂತ ಮಾವನಿಗೆ ಖಡಕ್ಕಾಗಿ ಹೇಳ್ದೆ, ಅವ್ರೂ ಹಾಗೇ ಮಾಡಿದ್ರು, ಪಂಚಗಂಗಾವಳಿ ಹೊಳೆಲಿ ಮೇಲೆ ಕೆಳಗೆ ಅಂತ ನಾಲ್ಕು ದಿನ.

ಐದನೇ ದಿನ ದಡದಲ್ಲೇ ಕೂತು ಎರಡೂ ಪ್ಲಗ್ ಬಿಚ್ಚಿ ಅಂಗೈ ಮೇಲೆ ಪಕ್ಕ ಪಕ್ಕ ಇಟ್ಟು ನೋಡ್ದೆ. ಎರಡೂ ಒಂದೇ ಕಂದು ಬಣ್ಣ, ಎರಡೂ ಒಣ, ಯಾವುದು ಮೇಲಿನದ್ದು ಯಾವುದು ಕೆಳಗಿನದ್ದು ಅಂತ ಗೊತ್ತಾಗ್ದೆ ಮಾವ ಎರಡೆರಡು ಸಲ ಕೇಳಿದ್ರು. ಜೂನ್ ಎರಡನೇ ವಾರ ಕಡಲು ಸ್ವಲ್ಪ ತಗ್ಗಿದ ಬೆಳಿಗ್ಗೆ ಸೀಮೆಎಣ್ಣೆಗೆ ತಿರುಗಿಸ್ಕೊಂಡು ಅಳಿವೆ ದಾಟಿ ಹೋದ್ರು. ಈಗ ವಾಪಸ್ ಬಂದ ಮೇಲೆ ಪೆಟ್ರೋಲಿಗೆ ತಿರುಗಿಸಿ, ಡ್ರಮ್ಮಿನ ಸಿಹಿನೀರಲ್ಲಿ ಹತ್ತು ನಿಮಿಷ ಓಡಿಸಿಯೇ ಎಂಜಿನ್ ಎತ್ತಿಡೋದು, ಅದನ್ನ ನಾನು ಹೇಳೋ ಮೊದ್ಲೇ ಅತ್ತೆ ಡ್ರಮ್ ತುಂಬಿಸಿ ಇಟ್ಟಿರ್ತಾರೆ.